ನಮ್ಮ ಪ್ರೀತಿಯ ಪಾರ್ಕ್ ಕೈತಪ್ಪುತ್ತಿದ್ದರೆ ಕಂಪನಿಗೆ ಬರೆಯುವುದು ಹೀಗೆ

ವಾಟರ್ ಪಾರ್ಕ್ ನಡೆಸುವ ಕಂಪನಿಗೆ ಬರೆಯಲು ಕೂರುವ ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ: ನಿಮಗೆ ಏನು ವಾಪಸ್ ಬೇಕು? "ಪಾರ್ಕ್ ಮೊದಲಿನ ಹಾಗಿಲ್ಲ, ಬರೀ ದುಡ್ಡು ಮಾಡ್ತಿದ್ದೀರಿ" ಅಂತ ಬರೆದರೆ "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅನ್ನುವ ಒಂದು ಸಾಲು ಬರುತ್ತದೆ. ಅಲ್ಲಿಗೆ ಮುಗಿಯಿತು. ಒಂದು ಪತ್ರಕ್ಕೆ ಒಂದೇ ಬೇಡಿಕೆ ಇರಲಿ.

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟ್‌ನಲ್ಲಿ ರೈಟರ್, ಅಂದರೆ ಕೆಲಸಗಾರರ ಹಾಜರಿ, ಲೆಕ್ಕ ಬರೆಯುವವನು. ಕುಯ್ಲು ಮುಗಿದು ಶಾಲೆಗೆ ರಜೆ ಸಿಕ್ಕಿದ ಮೇಲೆ ಲೈನ್‌ಮನೆಗಳಲ್ಲಿರುವ ಕೆಲಸಗಾರರ ಮಕ್ಕಳನ್ನು ಟಿಟಿ ವ್ಯಾನ್‌ನಲ್ಲಿ ಕೂರಿಸಿಕೊಂಡು ಒಂದು ವಾಟರ್ ಪಾರ್ಕ್‌ಗೆ ಹೋಗುವುದು ನಮ್ಮ ರೂಢಿ. ಅದರ ಹೆಸರು ಇಲ್ಲಿ ಬೇಡ. ಆ ಜಾಗ ಅಂದರೆ ನನಗೆ ಪ್ರಾಣ. ದೊಡ್ಡ ರೈಡ್ ಮುಂದೆ ಎತ್ತರ ನೋಡುವ ಬೋರ್ಡ್ ಇದೆ. ಹೋದ ವರ್ಷ ಗೆರೆ ಮುಟ್ಟದೆ ಅತ್ತ ಹುಡುಗಿ ಈ ವರ್ಷ ಚಪ್ಪಲಿ ಬಿಚ್ಚಿ, ಬೆನ್ನು ನೆಟ್ಟಗೆ ಮಾಡಿ, ಉಸಿರು ಹಿಡಿದು ನಿಂತಳು. ಅಲ್ಲಿದ್ದ ಹುಡುಗ ಅವಳ ತಲೆ ಮೇಲೆ ಕೈಯಿಟ್ಟು ನೋಡಿ "ಹೋಗಮ್ಮಾ" ಅಂದ. ಆಮೇಲೆ ಕ್ಯೂ. ಮೊದಲೆಲ್ಲ ಎಲ್ಲರಿಗೂ ಒಂದೇ ಕ್ಯೂ ಇತ್ತು. ಈಗ ಜಾಸ್ತಿ ದುಡ್ಡು ಕೊಟ್ಟವರಿಗೆ ಪಕ್ಕದಲ್ಲೇ ಇನ್ನೊಂದು. ಆ ಕಡೆಯವರು ಹೋಗುತ್ತಲೇ ಇರುತ್ತಾರೆ, ನಮ್ಮ ಮಕ್ಕಳು ಒದ್ದೆ ಬಟ್ಟೆಯಲ್ಲಿ ನಿಂತೇ ಇರುತ್ತಾರೆ. "ರೈಟರಣ್ಣ, ಅವರು ನಮಗಿಂತ ಆಮೇಲೆ ಬಂದದ್ದಲ್ವಾ?" ಅಂತ ಕೇಳಿದರೆ ಏನು ಹೇಳಲಿ?

ಸಿಟ್ಟು ಬಂದರೂ ಅಲ್ಲೇ ದಾಖಲೆ ಮಾಡಿಕೊಳ್ಳಿ. ಟಿಕೆಟ್ ಮತ್ತು ಬಿಲ್. ಬುಕ್ ಮಾಡುವಾಗ ಯಾವ ರೈಡ್ ಇದೆ ಅಂತ ತೋರಿಸಿದ್ದರೋ ಅದರ ಸ್ಕ್ರೀನ್‌ಶಾಟ್. ಮುಚ್ಚಿದ ರೈಡ್ ಮುಂದಿನ ಬೋರ್ಡ್‌ನ ಫೋಟೋ. ಕ್ಯೂಗೆ ನಿಂತ ಗಂಟೆ, ರೈಡ್ ಹತ್ತಿದ ಗಂಟೆ. ಚೆಕ್‌ರೋಲ್ (ಹಾಜರಿ ಪುಸ್ತಕ) ಬರೆಯುವವರಿಗೆ ಗೊತ್ತು, ಆಮೇಲೆ ನೆನಪಿನಿಂದ ಬರೆದ ಲೆಕ್ಕವನ್ನು ಯಾರೂ ಒಪ್ಪುವುದಿಲ್ಲ. ದಯವಿಟ್ಟು ರೈಡ್ ಹತ್ತಿರ ನಿಂತ ಹುಡುಗರ ಮೇಲೆ ಕೂಗಾಡಬೇಡಿ. ದರ ಇಟ್ಟವರು ಅವರಲ್ಲ. ಅವರಲ್ಲಿ ಯಾರಾದರೂ ಮಕ್ಕಳನ್ನು ಚೆನ್ನಾಗಿ ನೋಡಿಕೊಂಡಿದ್ದರೆ ಹೆಸರು ಕೇಳಿಕೊಂಡು ಪತ್ರದಲ್ಲಿ ಬರೆಯಿರಿ.

ಪತ್ರ ಯಾರಿಗೆ? ಕಸ್ಟಮರ್ ಕೇರ್‌ಗೆ ಒಂದು ಮೇಲ್ ಹಾಕಿ, ಅದು ದಾಖಲೆಗೆ. ಅಸಲು ಪತ್ರ ಮ್ಯಾನೇಜಿಂಗ್ ಡೈರೆಕ್ಟರ್ ಹೆಸರಿಗೆ, ಕಂಪನಿಯ ನೋಂದಾಯಿತ ಕಚೇರಿಗೆ, ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ಒಂದು ಪುಟ ಸಾಕು. ನಾನು ಕೇಳಿದ್ದು ಇಷ್ಟೇ: "ಮಕ್ಕಳ ರೈಡ್‌ಗಳಲ್ಲಿ ಎಲ್ಲರಿಗೂ ಒಂದೇ ಕ್ಯೂ ಇರಲಿ. ದೊಡ್ಡವರ ರೈಡ್‌ಗಳ ವಿಷಯ ನಾವು ಕೇಳುತ್ತಿಲ್ಲ. 15 ದಿನದೊಳಗೆ ಉತ್ತರ ಕೊಡಿ." ಸಮಾಧಾನಕ್ಕೆ ಫ್ರೀ ಟಿಕೆಟ್ ಕೊಡ್ತೀವಿ ಅಂದರೆ ಬೇಡ ಅನ್ನಿ. ಟಿಕೆಟ್ ತಗೊಂಡರೆ ಅವರ ಲೆಕ್ಕದಲ್ಲಿ ದೂರು ಮುಗಿದ ಹಾಗೆ.

ಬರೆದು ಏನು ಪ್ರಯೋಜನ ಅನ್ನುವವರು ಡಿಸ್ನಿ ಅಭಿಮಾನಿಗಳನ್ನು ನೋಡಿ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಡಿಸ್ನಿಲ್ಯಾಂಡ್ ಅಂದರೆ ಅಲ್ಲಿನವರಿಗೆ ಮನೆಯ ಹಾಗೆ. ಕ್ಯೂ ತಪ್ಪಿಸುವ ಫಾಸ್ಟ್‌ಪಾಸ್ 1999ರಿಂದ ಪುಕ್ಕಟೆ ಇತ್ತು, 2021ರಲ್ಲಿ ಅದರ ಜಾಗಕ್ಕೆ ದುಡ್ಡಿನ ವ್ಯವಸ್ಥೆ ಬಂತು. ಎಷ್ಟು ಗಲಾಟೆ ಆದರೂ ಪುಕ್ಕಟೆ ಪಾಸ್ ತಿರುಗಿ ಬರಲಿಲ್ಲ. ಆದರೆ ಫ್ಲಾರಿಡಾದ ಡಿಸ್ನಿ ಹೋಟೆಲ್‌ಗಳಲ್ಲಿ ರಾತ್ರಿ ಕಾರು ನಿಲ್ಲಿಸಲು 2018ರಲ್ಲಿ ಹಾಕಿದ್ದ ಶುಲ್ಕವನ್ನು 2023ರಲ್ಲಿ ತೆಗೆದರು. ಯಾವ ದಿನವೂ ತಡೆ ಇಲ್ಲ ಅಂತ ಹೇಳಿ ವಾರ್ಷಿಕ ಪಾಸ್ ಮಾರಿ, ಆಮೇಲೆ ಕೆಲವು ದಿನ ಬುಕಿಂಗ್ ಸಿಗದಿದ್ದಾಗ ಪಾಸ್ ಕೊಂಡವರೊಬ್ಬರು ಕೋರ್ಟಿಗೆ ಹೋದರು. ಕೊನೆಗೆ 95 ಲಕ್ಷ ಡಾಲರ್‌ಗೆ ರಾಜಿ ಆಯಿತು. ಆ ಕೇಸ್ ನಿಂತದ್ದು ಮಾರುವಾಗ ಕೊಟ್ಟ ಮಾತಿನ ಮೇಲೆ. ನನಗೆ ಇದೇ ದೊಡ್ಡ ಪಾಠ.

ನಮ್ಮಲ್ಲೂ ಕೊಟ್ಟ ಮಾತು ತಪ್ಪಿದ್ದರೆ, ಅಂದರೆ ಇದೆ ಅಂತ ತೋರಿಸಿದ ರೈಡ್ ಇಲ್ಲದಿದ್ದರೆ, ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕ ಆಯೋಗ, ಅಂದರೆ ಗ್ರಾಹಕರ ಕೋರ್ಟ್. ಪಾರ್ಕ್ ಬೇರೆ ಜಿಲ್ಲೆಯಲ್ಲಿದ್ದರೂ ಪರವಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ನಮಗೆ ಅದು ಮಡಿಕೇರಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಘಟನೆ ನಡೆದ 2 ವರ್ಷದೊಳಗೆ ಕೊಡಬೇಕು.

ಎರಡನೇ ಕ್ಯೂನಂಥ ವಿಷಯಕ್ಕೆ ಆಯೋಗಕ್ಕೆ ಹೋಗಿ ಪ್ರಯೋಜನ ಕಮ್ಮಿ, ದರ ಮೊದಲೇ ಹೇಳಿಯೇ ಮಾರಿರುತ್ತಾರೆ. ಅಂಥದ್ದಕ್ಕೆ ಬೇರೆ ದಾರಿ ಇದೆ. ಕಂಪನಿ ಷೇರು ಮಾರುಕಟ್ಟೆಯಲ್ಲಿದ್ದರೆ ಒಂದು ಷೇರು ಕೊಳ್ಳಿ. ಒಂದೇ ಇದ್ದರೂ ವಾರ್ಷಿಕ ಸಭೆಗೆ ಹೋಗುವ ಹಕ್ಕಿದೆ, ಈಗ ತುಂಬಾ ಕಂಪನಿಗಳು ಅದನ್ನು ವಿಡಿಯೋದಲ್ಲೇ ನಡೆಸುತ್ತವೆ. ನೋಟಿಸ್ ಬಂದ ಕೂಡಲೇ ಪ್ರಶ್ನೆ ಬರೆದು ಕಳಿಸಿ. 2004ರಲ್ಲಿ ವಾಲ್ಟ್ ಡಿಸ್ನಿಯ ಅಣ್ಣನ ಮಗ ರಾಯ್ ಇ. ಡಿಸ್ನಿ ಷೇರುದಾರರನ್ನು ಒಟ್ಟು ಮಾಡಿದರು. ಸುಮಾರು ಶೇಕಡ 43ರಷ್ಟು ಮತ ಡಿಸ್ನಿ ಕಂಪನಿಯ ಆಗಿನ ಅಧ್ಯಕ್ಷ ಮೈಕೆಲ್ ಐಸ್ನರ್‌ಗೆ ಬೀಳಲಿಲ್ಲ. ಐಸ್ನರ್ ಅಧ್ಯಕ್ಷ ಸ್ಥಾನ ಕಳೆದುಕೊಂಡರು.

ಏಪ್ರಿಲ್‌ನಲ್ಲಿ ಹೋಗಿ ಬಂದವರು ಫೋಟೋ, ಸ್ಕ್ರೀನ್‌ಶಾಟ್ ಎಲ್ಲವನ್ನೂ ಮೇ ತಿಂಗಳಲ್ಲೇ ಪ್ರಿಂಟ್ ಹಾಕಿಸಿ, ಎರಡು ಪ್ರತಿ ಇಟ್ಟುಕೊಳ್ಳಿ. ಜೂನ್‌ನಲ್ಲಿ ಮಳೆ ಹಿಡಿದರೆ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ನಂಬುವ ಹಾಗಿಲ್ಲ.