ಊರಲ್ಲೇ ಸಾಲ: ಕೈಗೆ ಬರುವುದೆಷ್ಟು, ಕೈಯಿಂದ ಹೋಗುವುದೆಷ್ಟು

ಸಾಲ ಬೇಕಾದಾಗ ಎಲ್ಲರ ಬಾಯಲ್ಲಿ ಮೊದಲು ಬರುವ ಪ್ರಶ್ನೆ "ಬಡ್ಡಿ ಎಷ್ಟು?" ನಾನು ಅದನ್ನು ಕೊನೆಗೆ ಕೇಳುತ್ತೇನೆ. ಮೊದಲು ಕೇಳುವುದು ಇಷ್ಟು: ಒಂದು ಲಕ್ಷ ಮಂಜೂರಾದರೆ ಖಾತೆಗೆ ಬೀಳುವುದು ಎಷ್ಟು, ತಿಂಗಳ ಕಂತು ಎಷ್ಟು, ಕಂತುಗಳು ಎಷ್ಟು. ಈ ಮೂರು ಅಂಕಿ ಸಿಕ್ಕರೆ ನಿಜವಾದ ಬಡ್ಡಿ ತಾನಾಗಿಯೇ ಬಯಲಾಗುತ್ತದೆ.

ಒಬ್ಬರು ಶೇ. 10 ಅನ್ನುತ್ತಾರೆ, ಇನ್ನೊಬ್ಬರು ಶೇ. 14 ಅನ್ನುತ್ತಾರೆ. ಇಬ್ಬರದೂ 1 ಲಕ್ಷ ಸಾಲ, 24 ತಿಂಗಳು. ಶೇ. 10 ಅಂದವರದು ಫ್ಲಾಟ್ ಲೆಕ್ಕ: ಎರಡು ವರ್ಷಕ್ಕೆ ಬಡ್ಡಿ 20,000, ಕಂತು 5,000. ಶೇ. 14 ಅಂದವರು ಬಾಕಿ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುತ್ತಾರೆ: ಕಂತು 4,801, ಒಟ್ಟು ಬಡ್ಡಿ 15,231. ಕಡಿಮೆ ಅಂದುಕೊಂಡದ್ದೇ ದುಬಾರಿ. ಫ್ಲಾಟ್‌ನಲ್ಲಿ 12 ಕಂತು ಕಟ್ಟಿ ಅರ್ಧ ಅಸಲು ತೀರಿಸಿದ ಮೇಲೂ ಪೂರ್ತಿ ಲಕ್ಷದ ಮೇಲೆಯೇ ಬಡ್ಡಿ ಓಡುತ್ತಿರುತ್ತದೆ. ಆ ಶೇ. 10ನ್ನು ಬಾಕಿ ಅಸಲಿನ ಲೆಕ್ಕಕ್ಕೆ ತಂದರೆ ಶೇ. 18 ದಾಟುತ್ತದೆ.

ಹಾಗಂತ ಶೇ. 14 ಅಂದವರನ್ನು ಅಲ್ಲಿಗೇ ನಂಬಬಾರದು. ಶುಲ್ಕ, ಜಿಎಸ್‌ಟಿ, ವಿಮೆ ಅಂತ 3,500 ಹಿಡಿದು 96,500 ಕೊಟ್ಟರೆ ಅದೂ ಶೇ. 17.6ಕ್ಕೆ ಬಂದು ನಿಲ್ಲುತ್ತದೆ. ಎಕ್ಸೆಲ್‌ನ ರೇಟ್ ಸೂತ್ರಕ್ಕೆ 24, ಮೈನಸ್ 4801, 96500 ಕೊಟ್ಟು, ಬಂದ ಉತ್ತರವನ್ನು 12ರಿಂದ ಗುಣಿಸಿದರೆ ಇದು ಸಿಗುತ್ತದೆ. ಮೊಬೈಲ್‌ನಲ್ಲೇ ಆಗುವ ಕೆಲಸ. ಸಹಕಾರ ಸಂಘದವರು ಸದಸ್ಯತ್ವದ ಷೇರು ಹಣ ಹಿಡಿದಿದ್ದರೆ ಅದನ್ನು ಬೇರೆ ಬರೆದುಕೊಳ್ಳಿ, ಅದು ವಾಪಸು ಬರಬೇಕಾದದ್ದು.

ಬ್ಯಾಂಕು, ಸಹಕಾರಿ ಬ್ಯಾಂಕು, ಎನ್‌ಬಿಎಫ್‌ಸಿಗಳು (ಬ್ಯಾಂಕಲ್ಲದ ಹಣಕಾಸು ಕಂಪನಿಗಳು) 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆಲ್ಲ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಎಂಬ ಮುಖ್ಯ ವಿವರಗಳ ಹಾಳೆ ಕೊಡಲೇಬೇಕು, ಅದೂ ನಮಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಎಂಬ ಸಾಲು ಹುಡುಕಿ. ಶುಲ್ಕವೆಲ್ಲ ಸೇರಿದ ವಾರ್ಷಿಕ ದರ ಅದೇ. ಆ ಹಾಳೆಯಲ್ಲಿಲ್ಲದ ಶುಲ್ಕವನ್ನು ಆಮೇಲೆ ನಮ್ಮ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಏಳು ದಿನ ಅಥವಾ ಅದಕ್ಕಿಂತ ದೀರ್ಘ ಅವಧಿಯ ಸಾಲವಾದರೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ಸಿಗುತ್ತದೆ. "ಇವತ್ತೇ ಸಹಿ ಹಾಕಿದರೆ ಮಾತ್ರ ಈ ದರ" ಅಂದರೆ ಎದ್ದು ಬನ್ನಿ. ಪತ್ತಿನ ಸಹಕಾರ ಸಂಘಗಳಿಗೆ ಮತ್ತು ಸೌಹಾರ್ದ ಸಹಕಾರಿಗಳಿಗೆ ಈ ನಿಯಮ ತಾಗುವುದಿಲ್ಲ. ಅಲ್ಲಿ ಅದೇ ವಿವರವನ್ನು ಅವರ ಲೆಟರ್‌ಹೆಡ್ಡಿನ ಮೇಲೆ ಬರೆಸಿ ಮೊಹರು ಹಾಕಿಸಿಕೊಳ್ಳುವುದು ನನ್ನ ಕ್ರಮ.

ಹುಡುಕಾಟ ಮನೆಯ ಬೀರುವಿನಿಂದಲೇ ಶುರುವಾಗಬೇಕು. ಬ್ಯಾಂಕಿನಲ್ಲಿ ಠೇವಣಿ ಇದ್ದರೆ ಅದರ ಮೇಲೆ ಸಾಮಾನ್ಯವಾಗಿ ಶೇ. 90ರವರೆಗೆ, ಠೇವಣಿಯ ಬಡ್ಡಿಗಿಂತ ಶೇ. 1ರಿಂದ 2 ಹೆಚ್ಚಿಗೆ ಸಾಲ ಸಿಗುತ್ತದೆ. ಅಂಚೆ ಕಚೇರಿಯ ಆರ್‌ಡಿಯಲ್ಲಿ 12 ಕಂತು ಕಟ್ಟಿದ್ದರೆ ಜಮೆಯ ಅರ್ಧದವರೆಗೆ ಪಡೆಯಬಹುದು. ಎಲ್‌ಐಸಿ ಪಾಲಿಸಿಯ ಮೇಲೂ ಸಾಲವಿದೆ. ಇವಕ್ಕೆ ಜಾಮೀನುದಾರರನ್ನು ಹುಡುಕಬೇಕಿಲ್ಲ. ಚಿನ್ನ ಅಡವಿಡುವುದಾದರೆ ಚೀಟಿಯಲ್ಲಿ ಒಟ್ಟು ತೂಕ, ಕಲ್ಲು-ಅರಗು ಕಳೆದ ನಿವ್ವಳ ತೂಕ ಎರಡನ್ನೂ ಬರೆಸಿ, ಒಡವೆಗಳ ಫೋಟೊ ತೆಗೆದುಕೊಳ್ಳಿ. ಬಿಡಿಸುವಾಗ ಜಗಳವಾಗುವುದು ಬಹುಪಾಲು ಈ ತೂಕದ ಮೇಲೇ.

ಅರ್ಜಿ ಹಾಕುವ ಮೊದಲು ಸಿಬಿಲ್ ವರದಿ, ಅಂದರೆ ನಿಮ್ಮ ಸಾಲಗಳ ದಾಖಲೆ, ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಸಾಲ ಮಾಹಿತಿ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತೀರಿದ ಸಾಲ ಇನ್ನೂ ಬಾಕಿ ಎಂದು ತೋರಿಸುವುದು, ಜಾಮೀನು ಹಾಕಿದ ಬೇರೆಯವರ ಸಾಲ ಸುಸ್ತಿಯಾಗಿರುವುದು (ಗಡುವು ಮೀರಿ ಬಾಕಿ ನಿಂತಿರುವುದು) ಅಲ್ಲೇ ಗೊತ್ತಾಗುತ್ತದೆ. ಐದಾರು ಕಡೆ ಒಟ್ಟಿಗೆ ಅರ್ಜಿ ಹಾಕಿದರೆ ಒಂದೊಂದು ಅರ್ಜಿಯೂ ಆ ವರದಿಯಲ್ಲಿ ದಾಖಲಾಗಿ ಸಿಬಿಲ್ ಅಂಕ ಇಳಿಯುತ್ತದೆ. ವಿಚಾರಿಸುವುದು ಎಲ್ಲಾ ಕಡೆ ಇರಲಿ, ಅರ್ಜಿ ಒಂದೇ ಕಡೆ.

ಸಂಬಳದವರಿಗೆ ಇಲಾಖೆಯ ಅಥವಾ ಕಾರ್ಖಾನೆಯ ನೌಕರರ ಪತ್ತಿನ ಸಂಘ ಮೊದಲ ಬಾಗಿಲು. ಕಂತು ಸಂಬಳದಲ್ಲೇ ಕಡಿತವಾಗುವುದರಿಂದ ದರ ಹಿತವಾಗಿರುತ್ತದೆ. ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸ್ವಸಹಾಯ ಗುಂಪಿನಲ್ಲಿರುವ ಹೆಣ್ಣುಮಕ್ಕಳಿಗೆ ಗುಂಪಿನ ಉಳಿತಾಯದಿಂದಲೇ ಸಾಲ ಸಿಗುತ್ತದೆ, ನೂರಕ್ಕೆ ತಿಂಗಳಿಗೆ 1 ಅಥವಾ 2 ರೂಪಾಯಿಯಂತೆ. ನೂರಕ್ಕೆ 2 ಅಂದರೆ ವರ್ಷಕ್ಕೆ 24, ಅಗ್ಗವಲ್ಲ. ಆದರೆ ಆ ಬಡ್ಡಿ ಗುಂಪಿಗೇ ಮರಳುತ್ತದೆ. ನಿರ್ಣಯ ಪುಸ್ತಕದಲ್ಲಿ ಸಾಲದ ಮೊತ್ತ ಬರೆದು ಎಲ್ಲರೂ ಸಹಿ ಹಾಕಿದ್ದಾರೆಯೇ ನೋಡಿ. ಪುಸ್ತಕ ಒಬ್ಬರ ಮನೆಯಲ್ಲೇ ಉಳಿದುಬಿಟ್ಟ ಗುಂಪಿನಲ್ಲಿ ಲೆಕ್ಕ ಹದಗೆಡುವುದು ಬೇಗ.

ಉಳಿದವರಿಗೆ ಪಟ್ಟಣ ಸಹಕಾರಿ ಬ್ಯಾಂಕು, ಪತ್ತಿನ ಸಂಘ, ಸೌಹಾರ್ದ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದಿಂದ ಬೆಳೆದ ಪರಂಪರೆ ಇದು. ಊರಿನ ದುಡ್ಡು ಊರಿನವರಿಗೇ ಸಿಗಲಿ ಎಂಬುದರ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ಆದ್ದರಿಂದಲೇ ಪರೀಕ್ಷೆ ಮಾಡದೆ ಒಳಗೆ ಹೋಗಬೇಡಿ ಅನ್ನುತ್ತೇನೆ. "ನಾನು ಸಾಲ ತೆಗೆಯುವವನು, ಸಂಘ ಮುಳುಗಿದರೆ ನನಗೇನು?" ಎಂದು ಕೇಳುವವರಿದ್ದಾರೆ. ನಿಮ್ಮ ಷೇರು, ಚೆಕ್ಕು, ಒಡವೆ, ಮನೆಪತ್ರ ಎಲ್ಲವೂ ಅವರ ಕಪಾಟಿನಲ್ಲಿರುತ್ತವೆ. ಬಾಗಿಲಿಗೆ ಬೀಗ ಬಿದ್ದರೆ ಅವೂ ಒಳಗೇ.

ನೋಂದಣಿ ಸಂಖ್ಯೆ ಬೋರ್ಡಿನ ಮೇಲಿರಬೇಕು. ಯಾವ ಕಾಯ್ದೆಯಡಿ ಎಂದು ಕೇಳಿ: 1959ರ ಸಹಕಾರ ಸಂಘಗಳ ಕಾಯ್ದೆಯೋ, 1997ರ ಸೌಹಾರ್ದ ಕಾಯ್ದೆಯೋ. ರಿಸರ್ವ್ ಬ್ಯಾಂಕಿನ ಪರವಾನಗಿಯಿಲ್ಲದೆ "ಬ್ಯಾಂಕ್" ಎಂದು ಬೋರ್ಡು ಹಾಕಿಕೊಂಡಿದ್ದರೆ ಮುಂದೆ ಮಾತಾಡಬೇಕಿಲ್ಲ. ಆಮೇಲೆ ಕಳೆದ ಮಹಾಸಭೆಯ ವಾರ್ಷಿಕ ವರದಿ ಕೇಳಿ. ಅದರಲ್ಲಿ ಆಡಿಟ್ ವರ್ಗ ಎ, ಬಿ, ಸಿ, ಡಿ ಯಾವುದು, ಒಟ್ಟು ಸಾಲದಲ್ಲಿ ಸುಸ್ತಿ ಎಷ್ಟು, ಮೂರು ವರ್ಷದಲ್ಲಿ ಅದು ಏರಿದೆಯೋ ಇಳಿದಿದೆಯೋ, ನಿರ್ದೇಶಕರಿಗೆ ಮತ್ತು ಅವರ ಸಂಬಂಧಿಕರಿಗೆ ಕೊಟ್ಟ ಸಾಲ ಎಷ್ಟು ಎಂಬುದನ್ನು ನೋಡಿ. ಕೊನೆಯದು ಬಹಳ ಮುಖ್ಯ. ಸಂಘಗಳು ಕುಸಿದಾಗ ಹಣ ಹೆಚ್ಚಾಗಿ ಸೋರಿರುವುದು ಆ ತೂತಿನಿಂದ. ವರದಿ ತೋರಿಸಲು ಹಿಂಜರಿದರೆ ಸಹಾಯಕ ನಿಬಂಧಕರ ಕಚೇರಿಯಲ್ಲಿ ವಿಚಾರಿಸಿ.

ಪಿಗ್ಮಿಯ (ಏಜೆಂಟರು ದಿನವೂ ಬಂದು ಕಟ್ಟಿಸಿಕೊಳ್ಳುವ ಉಳಿತಾಯದ) ಮೂಲಕ ಸಾಲ ತೀರಿಸುವ ಕಡೆ ಇನ್ನೊಂದು ಎಚ್ಚರ ಬೇಕು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿದ ಪಿಗ್ಮಿ ಒಳ್ಳೆಯ ಪದ್ಧತಿ, ಅಂಗಡಿಯವರಿಗೆ ದಿನಕ್ಕೆ 200 ಕೊಡುವುದು ತಿಂಗಳಿಗೆ 6,000 ಕೊಡುವುದಕ್ಕಿಂತ ಹಗುರ. ಆದರೆ ಆ ಹಣ ಪಿಗ್ಮಿ ಖಾತೆಯಲ್ಲಿ ನಿಲ್ಲುತ್ತದೆಯೋ, ನೇರವಾಗಿ ಸಾಲಕ್ಕೆ ಜಮೆಯಾಗುತ್ತದೆಯೋ ಕೇಳಿ. ಪಿಗ್ಮಿಯಲ್ಲಿ ನಿಂತರೆ ಒಂದು ಕಡೆ ಬಿಡಿಕಾಸಿನ ಬಡ್ಡಿ ಬರುತ್ತದೆ, ಇನ್ನೊಂದು ಕಡೆ ಸಾಲದ ಪೂರ್ತಿ ಬಡ್ಡಿ ಓಡುತ್ತದೆ. ಏಜೆಂಟರ ಯಂತ್ರದ ಚೀಟಿಯನ್ನು ತಿಂಗಳಿಗೊಮ್ಮೆ ಕೌಂಟರಿನ ಪಾಸ್‌ಬುಕ್ಕಿಗೆ ತಾಳೆ ನೋಡಿ.

ಜಾಮೀನು ಅಂದರೆ ಗುರುತು ಹೇಳುವುದು ಎಂದೇ ಬಹಳ ಜನ ತಿಳಿದಿದ್ದಾರೆ. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಗೆ ಸಮ. ಸಾಲಗಾರರನ್ನು ಬಿಟ್ಟು ಮೊದಲು ಜಾಮೀನುದಾರರನ್ನೇ ಹಿಡಿಯಬಹುದು. ನಿಮಗೆ ಸಹಿ ಹಾಕುವ ಅಣ್ಣನಿಗೋ ಭಾವನಿಗೋ ಇದನ್ನು ಬಿಡಿಸಿ ಹೇಳಿ, ಆಮೇಲೆ ಸಹಿ ಕೇಳಿ. ಖಾಲಿ ಚೆಕ್ಕನ್ನು ಯಾರಿಗೂ ಕೊಡಬೇಡಿ. ಹೆಸರು, ಮೊತ್ತ ತುಂಬಿ, ಅಕೌಂಟ್ ಪೇಯಿ ಎಂದು ಗೀಟು ಹಾಕಿ, ಚೆಕ್ ಸಂಖ್ಯೆಗಳನ್ನು ಬರೆದ ಪತ್ರಕ್ಕೆ ಸ್ವೀಕೃತಿ ಪಡೆಯಿರಿ. ಚೆಕ್ ಬೌನ್ಸ್ ಪ್ರಕರಣದಲ್ಲಿ ಎರಡು ವರ್ಷದವರೆಗೆ ಜೈಲು, ಇಲ್ಲವೇ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ ಇದೆ. ಯಾರೋ ತಮಗೆ ಬೇಕಾದ ಮೊತ್ತ ಬರೆದುಕೊಳ್ಳಲು ಬಿಡುವ ವಿಷಯ ಇದಲ್ಲ.

ಖಾಸಗಿ ಲೇವಾದೇವಿಯವರಿಗೆ 1961ರ ಕಾಯ್ದೆಯಡಿ ಪರವಾನಗಿ ಬೇಕು. ಭದ್ರತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ. 14, ಇಲ್ಲದ್ದಕ್ಕೆ ಶೇ. 16 ಮೀರುವಂತಿಲ್ಲ. ನೂರಕ್ಕೆ 5 ರೂಪಾಯಿ ಅಂದರೆ ಶೇ. 60. ಸಂತೆಯಲ್ಲಿ ಓಡುವ "ಹತ್ತು ಸಾವಿರ" ಸಾಲದ ಲೆಕ್ಕ ನೋಡಿ: 8,500 ಕೈಗೆ, ವಾರಕ್ಕೆ 1,000ದಂತೆ ಹತ್ತು ವಾರ. ಕೇಳಲು ಹಗುರ, ವರ್ಷದ ದರಕ್ಕೆ ತಂದರೆ ಶೇ. 150 ದಾಟುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯಾಗಿ ತಂದು ಆಮೇಲೆ ಕಾಯ್ದೆ ಮಾಡಿದ ಕಾನೂನಿನಲ್ಲಿ ಹತ್ತು ವರ್ಷದವರೆಗಿನ ಜೈಲಿಗೆ ಅವಕಾಶವಿದೆ. ಮನೆ ಮುಂದೆ ಬಂದು ಕೂತರೆ ನಾಚಿಕೆಪಟ್ಟು ಒಳಗೆ ಸೇರಿಕೊಳ್ಳದೆ ಠಾಣೆಗೆ ಹೋಗಿ. ರಿಸರ್ವ್ ಬ್ಯಾಂಕಿನ ವ್ಯಾಪ್ತಿಯ ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಮನೆಯ ಎಲ್ಲಾ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಸಾಲ ಕೊಡುವಂತೆಯೂ ಇಲ್ಲ.

ಸಾಲದ ಆ್ಯಪ್ ಬಗ್ಗೆ ಎರಡೇ ಮಾತು. ಹಿಂದಿರುವ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿಯ ಹೆಸರು ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಸಿಗದಿದ್ದರೆ, ಅಥವಾ ಫೋನಿನ ನಂಬರುಗಳು ಮತ್ತು ಫೋಟೊಗಳಿಗೆ ಅನುಮತಿ ಕೇಳಿದರೆ ಅಳಿಸಿಬಿಡಿ. ಬೆದರಿಕೆ ಬಂದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬ್ಯಾಂಕಿನ ಮೇಲೆ ದೂರಿದ್ದರೆ ಮೊದಲು ಅವರಿಗೇ ಬರಹದಲ್ಲಿ ಕೊಟ್ಟು 30 ದಿನ ಕಾಯಬೇಕು, ನಂತರ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ದೂರು ತೀರ್ಮಾನಿಸುವ ಅಧಿಕಾರಿ. ಸಹಾಯಕ್ಕೆ 14448ಕ್ಕೆ ಕರೆ ಮಾಡಬಹುದು. ಸಹಕಾರ ಸಂಘದ ತಕರಾರು 1959ರ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಗೆ ಹೋಗುತ್ತದೆ.

ಕೊನೆಯ ಕಂತು ಕಟ್ಟಿದ ದಿನ ಅರ್ಧ ಗಂಟೆ ಹೆಚ್ಚಿಗೆ ಕೂತು ಎಲ್ಲವನ್ನೂ ಕೇಳಿ ಪಡೆಯಿರಿ: ಬಾಕಿ ಇಲ್ಲವೆಂಬ ಪತ್ರ, ಉಳಿದ ಚೆಕ್ಕುಗಳು, ರದ್ದಾದ ಪ್ರಾಮಿಸರಿ ನೋಟು, ಅಡವಿಟ್ಟ ವಸ್ತು. ಸದಸ್ಯತ್ವ ಬೇಡವಾದರೆ ಷೇರು ವಾಪಸಿಗೆ ಅರ್ಜಿಯನ್ನೂ ಅದೇ ದಿನ ಕೊಡಿ. ಬ್ಯಾಂಕಿನ ಸಾಲವಾಗಿದ್ದರೆ ಒಂದೆರಡು ತಿಂಗಳ ನಂತರ ಸಿಬಿಲ್ ವರದಿಯಲ್ಲಿ ಆ ಖಾತೆ ಮುಕ್ತಾಯ ಎಂದು ಬಂದಿದೆಯೇ ನೋಡಿ. ಜಾಮೀನು ಹಾಕಿದವರ ಕೈಗೂ ಆ ಪತ್ರದ ಒಂದು ಜೆರಾಕ್ಸ್ ತಲುಪಿಸಿ.