ಶತಾವರಿ ಬೀಜ ಮೊಳೆಯಲಿಲ್ಲ ಅಂತ ಕುಂಡ ಸುರಿಯಬೇಡಿ

ಶತಾವರಿ, ಅದೇ ನಮ್ಮ ಹಲವು ಮಕ್ಕಳ ತಾಯಿ ಬೇರು, ಬೀಜದಿಂದ ಬೆಳೆಸುವವರಿಗೆ ಒಂದು ಮಾತು. ಕಳೆದ ವರ್ಷ ಎರಡು ವಾರ ಕಾದು, ಏನೂ ಬರಲಿಲ್ಲ ಅಂತ ಕುಂಡದ ಮಣ್ಣನ್ನು ಕರಿಬೇವಿನ ಬುಡಕ್ಕೆ ಸುರಿದುಬಿಟ್ಟೆ. ತಿಂಗಳಾದ ಮೇಲೆ ನೋಡಿದರೆ ಅಲ್ಲೇ ನಾಲ್ಕು ಸಸಿ! ದಾರದಷ್ಟು ಸಣ್ಣ ಕಡ್ಡಿ, ತುದಿಯಲ್ಲಿ ಸಬ್ಬಸಿಗೆಯಂಥ ಎಳೆ.

ಇದರ ಕಪ್ಪು ಬೀಜದ ಸಿಪ್ಪೆ ತುಂಬಾ ಗಟ್ಟಿ. ಹಣ್ಣು ಕೆಂಪಾದಾಗ ಕಿತ್ತು, ತಿರುಳು ಹಿಸುಕಿ ತೊಳೆದು, ನೆರಳಲ್ಲಿ ಒಣಗಿಸಿ. ಬಿತ್ತುವ ಮುಂಚೆ ಒರಟು ಮರಳಲ್ಲಿ ಸ್ವಲ್ಪ ಉಜ್ಜಿ, ಒಂದು ದಿನ ನೀರಲ್ಲಿ ನೆನೆಸಿ. ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮ ಸಮ ಇರಲಿ. ಬೀಜದ ಮೇಲೆ ಅರ್ಧ ಇಂಚು ಮಣ್ಣು ಸಾಕು. ಜೂನ್‌ನಲ್ಲಿ ಮಳೆ ಹಿಡಿದಾಗ ಬಿತ್ತಿದರೆ ನೀರು ಹಾಕುವ ಗೋಳಿಲ್ಲ. ಮೊಳೆಯಲು ಮೂರು ನಾಲ್ಕು ವಾರ, ಕೆಲವಕ್ಕೆ ಇನ್ನೂ ಜಾಸ್ತಿ ಬೇಕು. ಎಲ್ಲವೂ ಬರುವುದಿಲ್ಲ, ಬೇಕಾದ್ದಕ್ಕಿಂತ ಮೂರು ಪಟ್ಟು ಹಾಕಿ.

ಗೇಣುದ್ದ ಆದ ಮೇಲೆ ನೆಲಕ್ಕೆ ಇಳಿಸಿ. ಬಳ್ಳಿಗೆ ಮುಳ್ಳಿದೆ, ಮಕ್ಕಳು ಓಡಾಡುವ ಕಡೆ ಬೇಡ. ಬೇರಿಗೆ ಎರಡು ವರ್ಷವಾದರೂ ಕಾಯಬೇಕು. ಅಗೆಯುವಾಗ ಮೊಗ್ಗಿರುವ ಬುಡವನ್ನು ಸ್ವಲ್ಪ ಬೇರಿನ ಸಮೇತ ಮತ್ತೆ ಮಣ್ಣಿಗೆ ಸೇರಿಸಿ, ಚಿಗುರುತ್ತದೆ.