ಮಳೆಗಾಲದಲ್ಲಿ ಮೆಷಿನ್ನಿಗಿಟ್ಟ 12 ಬಾತು ಮೊಟ್ಟೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬಾತು ಮೊಟ್ಟೆಗೆ ಕಾವು ಕೊಡುತ್ತಿದ್ದದ್ದು ಕೋಳಿ. ನಮ್ಮ ಬಾತುಗಳು ಮೊಟ್ಟೆ ಇಟ್ಟು ಎದ್ದು ಹೋದರೆ ಮತ್ತೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಅಮ್ಮ ಕಾವಿಗೆ ಬಂದ ಹೇಂಟೆಯ ಅಡಿ ಆರೇಳು ಬಾತು ಮೊಟ್ಟೆ ಸೇರಿಸಿಬಿಡುತ್ತಿದ್ದರು. ಕಳೆದ ಜುಲೈನಲ್ಲಿ ಒಂದು ಹೇಂಟೆಯೂ ಕಾವಿಗೆ ಬರಲಿಲ್ಲ. ನಾನು ಆನ್‌ಲೈನಿನಲ್ಲಿ ಸಣ್ಣದೊಂದು ಇನ್‌ಕ್ಯುಬೇಟರ್ ತರಿಸಿದೆ.

ಮೊಟ್ಟೆ ಇಡುವ ಮೊದಲು ಒಂದು ದಿನ ಖಾಲಿ ಓಡಿಸಿದ್ದು ಒಳ್ಳೆಯದಾಯಿತು. ಮೆಷಿನ್ ಮೇಲೆ 37.7 ಡಿಗ್ರಿ ಅಂತ ತೋರಿಸುತ್ತಿತ್ತು. ಜ್ವರ ನೋಡುವ ಥರ್ಮಾಮೀಟರ್ ಒಳಗಿಟ್ಟರೆ 36.9. ಫ್ಯಾನ್ ಇರುವ ಮೆಷಿನ್ನಿಗೆ 37.5 ಬೇಕು. ಅಷ್ಟನ್ನು ಲೆಕ್ಕ ಹಾಕಿ ಏರಿಸಿಕೊಂಡೆ. ಇನ್ನೊಂದು ತೊಂದರೆ ತಟ್ಟೆಯದ್ದು. ತಾನಾಗಿ ತಿರುಗುವ ಆ ತಟ್ಟೆ ಕೋಳಿ ಮೊಟ್ಟೆಯ ಅಳತೆಯದ್ದು, ಬಾತು ಮೊಟ್ಟೆ ಅದರಲ್ಲಿ ಸಿಕ್ಕಿಕೊಂಡಿತು. ತೆಗೆದು ಪಕ್ಕಕ್ಕಿಟ್ಟೆ. ಮೊಟ್ಟೆಯ ಒಂದು ಬದಿಗೆ ಗುಣಾಕಾರ, ಇನ್ನೊಂದು ಬದಿಗೆ ಸೊನ್ನೆ ಬರೆದು ದಿನಕ್ಕೆ ಮೂರು ಸಲ ಕೈಯಲ್ಲೇ ತಿರುಗಿಸಿದೆ. ಮೂರೇ ಯಾಕೆಂದರೆ, ಎರಡು ಸಲ ಆದರೆ ಪ್ರತಿ ರಾತ್ರಿಯೂ ಒಂದೇ ಬದಿ ಮೇಲೆ ಬರುತ್ತದೆ.

ಕೋಳಿ ಸಾಕುವ ಗೆಳೆಯನೊಬ್ಬ ಮೊಟ್ಟೆಯ ಮೇಲೆ ತೂಕವನ್ನೂ ಬರೆದಿಡು ಅಂದಿದ್ದ. ಯಾಕೆ ಅಂತ ಕೇಳದೆ ಸುಮ್ನೆ ಬರೆದಿದ್ದೆ.

ಏಳನೇ ರಾತ್ರಿ ಅಡುಗೆಮನೆಯ ದೀಪ ಆರಿಸಿ, ಮೊಬೈಲ್ ಟಾರ್ಚಿಗೆ ರಟ್ಟಿನ ಕೊಳವೆ ಸಿಕ್ಕಿಸಿ ಮೊಟ್ಟೆಗಳನ್ನು ನೋಡಿದೆವು. ವೀಳ್ಯದೆಲೆಯನ್ನು ಬೆಳಕಿಗೆ ಹಿಡಿದರೆ ನರ ಕಾಣುತ್ತದಲ್ಲ, ಹಾಗೆ ಕೆಂಪು ನರಗಳು. ನಡುವೆ ಒಂದು ಕಪ್ಪು ಚುಕ್ಕೆ, ಅದು ಕಣ್ಣು. ಎರಡು ಮೊಟ್ಟೆ ಪೂರ್ತಿ ತಿಳಿಯಾಗಿದ್ದವು. ಒಂದರಲ್ಲಿ ರಕ್ತ ಬಳೆಯ ಹಾಗೆ ಸುತ್ತುಗಟ್ಟಿತ್ತು. ಅಂದರೆ ಒಳಗಿನದು ಸತ್ತಿದೆ. ಮೂರನ್ನೂ ತೆಗೆದು ಹಾಕಿದೆ. ಉಳಿದದ್ದು ಒಂಬತ್ತು.

ಹನ್ನೊಂದನೇ ದಿನ ಐದು ಗಂಟೆ ಕರೆಂಟ್ ಇರಲಿಲ್ಲ. ಮುಚ್ಚಳ ತೆಗೆಯದೆ ಮೆಷಿನ್ನಿಗೆ ಎರಡು ಕಂಬಳಿ ಸುತ್ತಿದೆ. ಒಳಗೆ 31ಕ್ಕೆ ಇಳಿಯಿತು. ಮೊಟ್ಟೆಗಳಿಗೆ ಏನೂ ಆಗಲಿಲ್ಲ. ಎಲ್ಲರೂ ಹೆದರುವುದು ಕರೆಂಟಿಗೆ, ನನ್ನ ಮೊಟ್ಟೆ ಹಾಳು ಮಾಡಿದ್ದು ಮಾತ್ರ ನೀರು.

ಬಾತು ನೀರಿನ ಹಕ್ಕಿ, ಮೊಟ್ಟೆಗೂ ನೀರು ಜಾಸ್ತಿ ಬೇಕು ಅಂದುಕೊಂಡಿದ್ದೆ. ಮೆಷಿನ್ನಿನ ತಳದ ಎರಡೂ ಕಾಲುವೆಗೆ ತುಂಬ ನೀರು. ಅದರ ಮೇಲೆ ದಿನಾ ಹತ್ತು ನಿಮಿಷ ಮುಚ್ಚಳ ತೆಗೆದು ಉಗುರು ಬೆಚ್ಚಗಿನ ನೀರು ಚಿಮುಕಿಸುವುದು. ಹೊರಗೆ ಆಗುಂಬೆ ಕಡೆಯಿಂದ ಬಿಟ್ಟೂಬಿಡದೆ ಸುರಿಯುವ ಮಳೆ, ಹಾಸಿಗೆಯೇ ತಂಪು ಹೊಡೆಯುತ್ತಿತ್ತು. ಒಳಗಿನ ತೇವ ಸುಮಾರು ಶೇಕಡಾ 55 ಇರಬೇಕಾದಲ್ಲಿ ಮೀಟರ್ 72 ತೋರಿಸುತ್ತಿತ್ತು. ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಬಿಟ್ಟಿದ್ದೆ.

14ನೇ ದಿನ ಮತ್ತೆ ಟಾರ್ಚ್ ಹಿಡಿದಾಗ ಮೊಟ್ಟೆಯ ದಪ್ಪ ತುದಿಯ ಗಾಳಿ ಜಾಗ ಮೊದಲು ಇದ್ದಷ್ಟೇ ಇತ್ತು. ಆಗ ತೂಕದ ನೆನಪಾಯಿತು. 74 ಗ್ರಾಂ ಇದ್ದ ಮೊಟ್ಟೆ ಈಗ 72. ಮರಿಯಾಗುವ ಹೊತ್ತಿಗೆ ಮೊಟ್ಟೆ ನೂರಕ್ಕೆ ಹನ್ನೆರಡು ಹದಿಮೂರರಷ್ಟು ತೂಕ ಕಳೆದುಕೊಳ್ಳಬೇಕು. ಒಳಗಿನ ನೀರು ಚಿಪ್ಪಿನ ರಂಧ್ರಗಳಿಂದ ಆವಿಯಾಗಿ ಹೋದಷ್ಟೂ ಗಾಳಿ ಜಾಗ ದೊಡ್ಡದಾಗುತ್ತದೆ. ಮರಿ ಮೊದಲ ಉಸಿರು ಎಳೆಯುವುದು ಅಲ್ಲಿಂದಲೇ. ಅರ್ಧ ದಾರಿಯಲ್ಲಿ ಐದು ಗ್ರಾಂ ಇಳಿದಿರಬೇಕಿತ್ತು, ನನ್ನದು ಇಳಿದದ್ದು ಎರಡು.

ಅಮ್ಮ ತಕ್ಕಡಿ ನೋಡಿ, "ಕೋಳಿ ಅಡಿ ಬೋಗುಣಿಯಲ್ಲಿ ನೀರು ಇಡ್ತಿದ್ವಾ ಮಾರಾಯ ನಾವು?" ಅಂದರು.

ನೀರೆಲ್ಲ ಚೆಲ್ಲಿ ಗಾಳಿ ಕಿಂಡಿಗಳನ್ನು ಪೂರ್ತಿ ತೆರೆದೆ. ಚಿಮುಕಿಸುವುದನ್ನೂ ನಿಲ್ಲಿಸಿದೆ. ಆ ಮಳೆಯಲ್ಲಿ ಒಂದು ಹನಿ ನೀರಿಲ್ಲದೆಯೂ ತೇವ 40ಕ್ಕಿಂತ ಕೆಳಗೆ ಬರಲಿಲ್ಲ. 25ನೇ ದಿನಕ್ಕೆ 74ರ ಮೊಟ್ಟೆ 66ಕ್ಕೆ ಬಂತು. ಅಷ್ಟರಲ್ಲಿ ಇನ್ನೊಂದು ಒಳಗೇ ನಿಂತುಹೋಗಿತ್ತು. ಎಂಟು ಉಳಿದವು. ಅವತ್ತಿನಿಂದ ತಿರುಗಿಸುವುದು ಬಂದ್. ಈಗ ಮಾತ್ರ ನೀರು ಬೇಕು, ಒಡೆಯುವ ಹೊತ್ತಿಗೆ ಒಳಪೊರೆ ಒಣಗಬಾರದು. ಕಾಲುವೆ ತುಂಬಿಸಿ ತೇವ 70ಕ್ಕೆ ಏರಿಸಿದೆ.

27ನೇ ಸಂಜೆ ಮೊದಲ ಚಿಪ್ಪು ಬಿರುಕು ಬಿಟ್ಟಿತು. ಒಳಗಿಂದ ಸಣ್ಣಗೆ ಚಿಂವ್ ಅನ್ನುತ್ತಿತ್ತು, ಮೆಷಿನ್ ಮೇಲೆ ತಟ್ಟಿದರೆ ಉತ್ತರ ಕೊಡುತ್ತಿತ್ತು. ಬಿರುಕಿನಿಂದ ಮರಿ ಹೊರಗೆ ಬರಲು ಒಂದು ಪೂರ್ತಿ ದಿನ ಬೇಕಾಗುತ್ತದೆ, ಎರಡು ದಿನವೂ ಆಗಬಹುದು. ಮರುದಿನ ರಾತ್ರಿಯ ಹೊತ್ತಿಗೆ ಐದು ಬಂದವು. ಆರನೆಯದರ ಪೊರೆ ಕಂದು ಬಣ್ಣಕ್ಕೆ ತಿರುಗಿ ಚರ್ಮದ ಹಾಗೆ ಬಿಗಿದಿತ್ತು. ತಪ್ಪು ನನ್ನದೇ, ಐದನ್ನು ನೋಡುವ ಆಸೆಗೆ ನಾಲ್ಕು ಸಲ ಮುಚ್ಚಳ ತೆಗೆದಿದ್ದೆ. ಹತ್ತಿಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ ಪೊರೆಗೆ ಒತ್ತಿದೆ. ಉಗುರಿನಷ್ಟು ಚಿಪ್ಪು ಎತ್ತಿದ್ದೇ ಕೆಂಪು ಗೆರೆಯೊಂದು ಜಿನುಗಿತು. ಕೈ ತೆಗೆದು ಮುಚ್ಚಿಬಿಟ್ಟೆ. ರಕ್ತ ಬಂತೆಂದರೆ ಪೊರೆಯ ನರಗಳಿನ್ನೂ ಖಾಲಿಯಾಗಿಲ್ಲ ಅಂತ ಅರ್ಥ, ಮೊಟ್ಟೆಯ ಹಳದಿ ಭಾಗ ಕೂಡ ಮರಿಯ ಹೊಟ್ಟೆಯೊಳಗೆ ಹೋಗಿರುವುದಿಲ್ಲ. ನಾಲ್ಕು ಗಂಟೆ ಬಿಟ್ಟು ಮತ್ತೆ ಮುಟ್ಟಿದಾಗ ರಕ್ತ ಬರಲಿಲ್ಲ. ಚಿಪ್ಪಿನ ಮೇಲ್ಭಾಗ ಸಡಿಲಿಸಿದೆ, ಉಳಿದದ್ದನ್ನು ಅದೇ ಒದ್ದುಕೊಂಡು ಬಂತು.

ಕೊನೆಯ ಎರಡು ಬಿರುಕೇ ಬಿಡಲಿಲ್ಲ. 31ನೇ ದಿನ ಒಡೆದು ನೋಡಿದೆ. ಪೂರ್ತಿ ಬೆಳೆದ ಮರಿಗಳು, ಸುತ್ತ ಇನ್ನೂ ನೀರು. ನಾನು ತುಂಬಿಸಿದ ನೀರೇ. ಹಿತ್ತಲಲ್ಲಿ ಬಾಳೆ ಬುಡಕ್ಕೆ ಹಾಕಿದೆ, ಅಮ್ಮ ಏನೂ ಹೇಳಲಿಲ್ಲ.

ಆರೂ ಮರಿಗಳನ್ನು ಬಲ್ಬ್ ಹಾಕಿದ ರಟ್ಟಿನ ಪೆಟ್ಟಿಗೆಗೆ ಬಿಟ್ಟೆ. ನೀರಿನ ಬೋಗುಣಿಗೆ ಕಲ್ಲು ತುಂಬಿಸಿಟ್ಟೆ, ಮೂಗು ಅದ್ದಲು ಬರಬೇಕು, ಮೈ ನೆನೆಯಬಾರದು. ತಾಯಿ ಇಲ್ಲದ ಮರಿಗಳ ಮೈಗೆ ಎಣ್ಣೆ ಅಂಟಿರುವುದಿಲ್ಲ, ನೆನೆದರೆ ಚಳಿ ಹಿಡಿಯುತ್ತದೆ. ಅರ್ಧ ಗಂಟೆಯಲ್ಲಿ ಕಲ್ಲೆಲ್ಲ ಹೊರಗೆ, ಮರಿಗಳೆಲ್ಲ ಬೋಗುಣಿಯೊಳಗೆ.

ಈಗ ಆರೂ ನನ್ನ ಹಿಂದೆಯೇ ಓಡಾಡುತ್ತವೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಸಾಲಾಗಿ ನಿಂತು ಕೂಗುತ್ತವೆ.